ಅಜ್ಜಿಯ ಕೋಣೆಗೆ ಫಿನಾಯಿಲ್

ಮೇಲೂರು
೧೨-೧೧-೨೦೨೪, ಮಂಗಳವಾರ

ಮುದ್ದಿನ ಮಗಳು ಸೌಜನ್ಯಾಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಕೆಮ್ಮು ನಿಂತಿತೆ? ಹಾಸ್ಟೆಲ್ ಊಟ ಸೇರುವುದಿಲ್ಲವೆಂದು ಬರೀ ಬನ್ನು ತಿಂದುಕೊಂಡು ಇರಬೇಡ. ನರ್ಸಿಂಗ್ ಓದುವವಳಿಗೆ ಇಷ್ಟೂ ನಾನೇ ಹೇಳಬೇಕೆ? ಫೋನಿನಲ್ಲಿ ಮಾತಾಡಿದರೆ ಪಕ್ಕದ ಕೋಣೆಯಲ್ಲಿ ಮಲಗಿರುವ ಅಜ್ಜಿಗೆ ಎಲ್ಲ ಕೇಳಿಸುತ್ತದೆ. ಅದಕ್ಕೇ ಬರೆದು ನಿನ್ನ ಕೆಂಪರಾಜು ಮಾವನ ಕೈಗೆ ಕೊಡುತ್ತಿದ್ದೇನೆ. ಟೊಮೆಟೊ ಹಾಕಿಕೊಂಡು ಚಿಂತಾಮಣಿ ಮಾರ್ಕೆಟ್ಟಿಗೆ ಹೊರಟಿದ್ದಾನೆ, ಅಲ್ಲೇ ನಿನ್ನ ಹಾಸ್ಟೆಲಿಗೂ ಬಂದು ಕೊಡುತ್ತಾನೆ.

ರೇಷ್ಮೆಹುಳುಗಳು ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದು ಸೊಪ್ಪು ತಿನ್ನುತ್ತಿವೆ. ಇನ್ನೊಂದು ವಾರಕ್ಕೆ ಗೂಡು ಕಟ್ಟುತ್ತವೆ. ಅಜ್ಜಿಯದೇ ಕಷ್ಟ. ಬೆನ್ನಿನ ಹುಣ್ಣು ಒಡೆದಿದೆ, ಎಲ್ಲವೂ ಹಾಸಿಗೆಯಲ್ಲೇ ಆಗುತ್ತದೆ. ಬಿಸಿನೀರು, ಸೋಪಿನ ಪುಡಿ ಹಾಕಿ ಎಷ್ಟು ಉಜ್ಜಿದರೂ ನೆಲಕ್ಕೆ ಹಿಡಿದ ವಾಸನೆ ಬಿಡುವುದಿಲ್ಲ. ನೋಡಲು ಬಂದ ಪಕ್ಕದ ಮನೆಯ ಅಮ್ಮಾಜಮ್ಮ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತಳು. ಅಜ್ಜಿ ಅದನ್ನು ಕಂಡು ಗೋಡೆಯ ಕಡೆ ತಿರುಗಿಕೊಂಡರು. ನನಗೆ ತುಂಬ ಸಂಕಟವಾಯಿತು.

ನೀನು ಹೇಳಿದೆಯೆಂದು ಫಿನಾಯಿಲ್ ತರಿಸಿಟ್ಟಿದ್ದೇನೆ. ಬಾಟಲಿಯ ಮುಚ್ಚಳ ತಿರುಗಿಸಿದರೆ ಸಾಕು, ಅಜ್ಜಿಗೆ ಗೊತ್ತಾಗಿಬಿಡುತ್ತದೆ. ಅವರ ಕೋಣೆಗೂ ಹುಳದ ಮನೆಗೂ ನಡುವೆ ಒಂದೇ ಗೋಡೆ, ಅದರಲ್ಲೂ ಒಂದು ಗವಾಕ್ಷಿ. ವಾಸನೆ ತಗುಲಿದರೆ ಹುಳ ಸಾಯುತ್ತವೆಂದು, ಹುಳ ಇರುವಾಗ ಈ ಮನೆಯಲ್ಲಿ ಊದುಬತ್ತಿ ಸಹ ಹಚ್ಚುವ ಹಾಗಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಪೌಡರ್ ಹಾಕಿಕೊಂಡಿದ್ದೆನೆಂದು ನನ್ನನ್ನೇ ಹುಳದ ಮನೆಗೆ ಬಿಟ್ಟಿರಲಿಲ್ಲ. ಫಿನಾಯಿಲಿನಲ್ಲಿರುವ ಫೀನಾಲ್ ಕ್ರಿಮಿಗಳನ್ನು ಸಾಯಿಸುತ್ತದೆ ಎಂದು ನೀನು ಹೇಳಿಕೊಟ್ಟ ಪಾಠವನ್ನೇ ಅವರಿಗೆ ಒಪ್ಪಿಸಿದೆ.

“ಕ್ರಿಮಿ ಸಾಯೋದಾದ್ರೆ ನನ್ನ ಹುಳ ಬದುಕ್ತಾವೇನಮ್ಮ? ಗೂಡು ಕಟ್ಲಿ. ಆಮೇಲೆ ನೆಲನೂ ತೊಳಿ, ನನ್ನೂ ತೊಳಿ” ಎಂದರು.

ನಿಮ್ಮಪ್ಪ ಅಮ್ಮನ ಮಾತು ಮೀರುವವರಲ್ಲ. ಹುಳಕ್ಕಿರುವ ಮರ್ಯಾದೆ ಮನುಷ್ಯರಿಗಿಲ್ಲವಲ್ಲ ಎಂದು ನನಗೆ ಸಿಟ್ಟು. ಸಿಟ್ಟಿನ ಜೊತೆಗೇ ಅಳುವೂ ಬರುತ್ತದೆ. ನಿನ್ನ ಮೈಗೂ ಆಸ್ಪತ್ರೆಯ ವಾಸನೆ ಹತ್ತಿರುತ್ತದಂತೆ, ಗೂಡು ಕಟ್ಟುವವರೆಗೆ ಬರಬೇಡವೆಂದು ಅಜ್ಜಿ ಹೇಳಿಸಿದ್ದಾರೆ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬಾ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ತಲೆಗೆ ಎಣ್ಣೆ ಹಚ್ಚಿಕೋ.

ನಿನ್ನ ಅಮ್ಮ,
ವರಲಕ್ಷ್ಮಿ

ವಿ.ಸೂ.: ಕೆಂಪರಾಜು ಗಾಡಿ ಸ್ಟಾರ್ಟ್ ಮಾಡಿ ಕರೆಯುತ್ತಿದ್ದಾನೆ. ಇಷ್ಟು ಬರೆದ ಮೇಲೆ ಮನಸ್ಸು ತಡೆಯದೆ ಫಿನಾಯಿಲ್ ಹಾಕಿ ಕೋಣೆಯನ್ನೆಲ್ಲ ಒರೆಸಿಬಿಟ್ಟೆ. ಹುಳ ಏನಾದರೂ ಆಗಲಿ. ಬೈಯುತ್ತಾರೆಂದು ಕಾದು ನಿಂತೆ. ಅಜ್ಜಿಗೆ ಎಚ್ಚರವಿತ್ತು, ನನ್ನನ್ನೇ ನೋಡುತ್ತಿದ್ದರು. ವಾಸನೆ ಬರುತ್ತಿಲ್ಲವೇ ಅತ್ತೆ ಎಂದು ಕೇಳಿದೆ. “ಏನ್ ವಾಸ್ನೆ?” ಅಂದರು. ಮುಚ್ಚಳ ತಿರುಗಿಸಿದರೇ ಗೊತ್ತಾಗುತ್ತಿದ್ದವರು, ನನಗೆ ಭಯವಾಗುತ್ತಿದೆ. ಭಾನುವಾರದವರೆಗೆ ಕಾಯಬೇಡ, ಇವತ್ತೇ ಹೊರಟು ಬಾ.