ಕೈದೀಪಕ್ಕೆ ಬೋಲ್ಟು ಬಿಗಿಸಿದವರಿಗೆ

ಮಾನ್ಯ ಜಲಸಾರಿಗೆ ಸುರಕ್ಷತಾಧಿಕಾರಿಗಳೇ,

ತಮ್ಮ ಸುತ್ತೋಲೆಯ ಒಂದೇ ಒಂದು ಪದದಿಂದಾಗಿ ನನ್ನ ಅಕ್ಕನ ದೋಣಿ ಕತ್ತಲಾಗುತ್ತಲೇ ಗೂಟಕ್ಕೆ ಕಟ್ಟಿದ ದನದಂತೆ ನಿಂತುಬಿಡುತ್ತದೆ. ಆ ಪದ ‘ಸ್ಥಳದೀಪ’. ಅದನ್ನು ತಿದ್ದಿ, ಅವಳ ಸಂಜೆಯ ಪರವಾನಗಿಯನ್ನು ಹಿಂತಿರುಗಿಸಿ ಎಂದು ಕೇಳುವುದಕ್ಕೆ ಈ ಪತ್ರ. ಮುಚ್ಚಿದ ಲಕೋಟೆಯಲ್ಲಿ ಕೇಳಿದ್ದಾಯಿತು, ಅದನ್ನು ತೆರೆದವರಿಲ್ಲ. ಆದ್ದರಿಂದ ಈ ಸಲ ತೆರೆದೇ ಬರೆಯುತ್ತಿದ್ದೇನೆ.

ನಾನು ಹೊಳೆಯ ಈ ದಡದ ಕಾಲೇಜಿನಲ್ಲಿ ಭಾಷೆ ಕಲಿಸುವವನು, ಆ ದಡದ ಮನೆಯಲ್ಲಿ ಮಲಗುವವನು, ನಡುವೆ ಅಕ್ಕನ ದೋಣಿಯಲ್ಲಿ ತೂಕಡಿಸುವವನು. ನನ್ನ ಜೊತೆ ತೂಕಡಿಸುವವರು ಆಸ್ಪತ್ರೆಯ ವಾರ್ಡುಗಳಲ್ಲಿ ಕೆಲಸ ಮಾಡುವ ಹೆಂಗಸರು, ಹೊಲಿಗೆ ಕಾರ್ಖಾನೆಯವರು, ಗಿರಾಕಿಗಳಿಗಿಂತ ನೊಣಗಳೊಡನೆ ಹೆಚ್ಚು ಮಾತಾಡಿ ಬಂದ ಅಂಗಡಿಯವರು. ಎಲ್ಲರೂ ನೆಮ್ಮದಿಯಾಗಿ ತೂಕಡಿಸಬೇಕಾದರೆ ಒಬ್ಬರಾದರೂ ಎಚ್ಚರವಾಗಿರಬೇಕಲ್ಲ? ಆ ಒಬ್ಬಳು ಅಕ್ಕ. ಒಂದು ಕೈ ಎಂಜಿನ್ನಿನ ಹಿಡಿಯ ಮೇಲೆ, ಎರಡು ಕಣ್ಣು ನೀರಿನ ಮೇಲೆ.

ತಮ್ಮ ಸುತ್ತೋಲೆ ಬಂದಾಗ ಅದನ್ನು ಕಟ್ಟೆಯ ಗೋಡೆಗೆ ಅಂಟಿಸಿದ್ದರು. “ಸೂರ್ಯಾಸ್ತಾನಂತರ ಸಂಚರಿಸುವ ಪ್ರತಿಯೊಂದು ದೋಣಿಯೂ ಪುನರ್ಭರಣಯೋಗ್ಯ ಹಸ್ತಧಾರ್ಯ ಸ್ಥಳದೀಪವನ್ನು ಹೊಂದಿರತಕ್ಕದ್ದು.” ಅಕ್ಕ ಅದನ್ನು ಎರಡು ಸಲ ಓದಿ ನನ್ನ ಕಡೆ ತಿರುಗಿ, “ಇದನ್ನ ಊಟಕ್ಕೆ ಮೊದಲು ತಗೋಬೇಕೋ, ಆಮೇಲೋ?” ಎಂದು ಕೇಳಿದಳು. ಔಷಧಿಯಲ್ಲ, ಚಾರ್ಜು ಮಾಡಿಕೊಂಡು ಕೈಯಲ್ಲಿ ಹಿಡಿದು ದೂರಕ್ಕೆ ಬಿಡುವ ದೊಡ್ಡ ಟಾರ್ಚು ಎಂದು ಬಿಡಿಸಿ ಹೇಳಿದೆ. ಅಷ್ಟು ಹೇಳೋಕೆ ಇಷ್ಟು ನೀರು ಯಾಕೆ ಕುಡಿಸಿದ್ರು, ನಿಮ್ಮ ಭಾಷೆಯವರದೇ ಕೆಲಸ ಇರಬೇಕು ಎಂದು ನನ್ನನ್ನೇ ಹಂಗಿಸಿದಳು. ಆದರೆ ನಿಯಮ ಒಳ್ಳೆಯದೇ ಎಂದು ಒಪ್ಪಿದಳು. ನಾನೂ ಒಪ್ಪುತ್ತೇನೆ. ಅಲ್ಲಿಯವರೆಗೆ ನಮ್ಮ ಹೊಳೆಯಲ್ಲಿ ಫೋನಿನ ಬೆಳಕಿನಲ್ಲಿ ದೋಣಿ ಬಿಡುವವರೂ ಇದ್ದರು. ತಮ್ಮ ಕಚೇರಿಯಿಂದ ಒಳ್ಳೆಯ ನಿಯಮವೊಂದು ಹೊರಬಿದ್ದದ್ದನ್ನು ಕಣ್ಣಾರೆ ಕಂಡ ಭಾಗ್ಯ ನಮ್ಮದು. ಕಣ್ಣು ತಗುಲಿತು, ಅಷ್ಟೆ.

ದೀಪ ಆರಿಸುವುದು ಎಂದರೆ ನಂದಿಸುವುದೂ ಹೌದು, ಆಯ್ದುಕೊಳ್ಳುವುದೂ ಹೌದು. ನಾವು ಎರಡನ್ನೂ ಮಾಡಿದೆವು. ಅಂಗಡಿಯವನು ಮೊದಲು ತೋರಿಸಿದ ದೀಪದ ಡಬ್ಬಿಯ ಮೇಲೆ ಅದು ಲಕ್ಷಾಂತರ ಮೇಣದಬತ್ತಿಗಳಿಗೆ ಸಮ ಎಂದು ಬರೆದಿತ್ತು. ನನಗೆ ನಗು ಬಂತು, ಅಕ್ಕನಿಗೆ ಆಸೆ ಬಂತು. ಅದನ್ನೇ ತಂದಳು. ಆ ಲಕ್ಷಾಂತರ ಬತ್ತಿಗಳು ಹೊಳೆಯ ನಡುವೆ ಬರುವಷ್ಟರಲ್ಲಿ ಒಟ್ಟಿಗೇ ಸುಸ್ತಾದವು. ತಾವು ಬಂದ ದಿನವೇ ಚಾರ್ಜು ತೆಗೆದುಕೊಂಡಿರಿ ಎಂದು ಕೇಳಿದ್ದೇನೆ. ಆ ದೀಪ ಇಡೀ ದಿನ ಗೋಡೆಗೆ ಜೋತುಬಿದ್ದರೂ ಚಾರ್ಜು ತೆಗೆದುಕೊಳ್ಳಲಿಲ್ಲ. ಎರಡನೆಯದು ಅಗಲಕ್ಕೆ ಬೆಳಕು ಚೆಲ್ಲುವ ದೀಪ. ಅದರಲ್ಲಿ ಪ್ರಯಾಣಿಕರ ಮುಖ, ದೋಣಿಯ ಬಿಳಿ ಅಂಚು, ನೀರಿನ ಮೇಲಿನ ಮಂಜು ಎಲ್ಲವೂ ಝಗಮಗ ಕಂಡವು, ಎದುರಿನ ಹೊಳೆಯೊಂದನ್ನು ಬಿಟ್ಟು. ಕಣ್ಣಿನ ಹತ್ತಿರ ಬೆಳಕು ಹೆಚ್ಚಿದಷ್ಟೂ ದೂರದ ಕತ್ತಲು ದಪ್ಪವಾಗುತ್ತದೆ ಎಂಬುದು ನಮಗೆ ಆಗ ತಿಳಿಯಿತು. ಕಚೇರಿಗಳಿಗೂ ಇದು ಅನ್ವಯಿಸಬಹುದು.

ಮೂರನೆಯದು ಸರಿಹೋಯಿತು. ಅದರ ಬೆಳಕು ಕೋಲಿನಂತೆ ನೆಟ್ಟಗೆ ದೂರ ಹೋಗುತ್ತಿತ್ತು. ನೀರು ಒಳಗೆ ಇಳಿಯುತ್ತಿರಲಿಲ್ಲ, ಕೈಜಾರಿ ಬಿದ್ದರೆ ತೇಲುತ್ತಿತ್ತು. ಮಣಿಕಟ್ಟಿಗೆ ಹಾಕಿಕೊಳ್ಳಲು ದಾರ, ಎಂಜಿನ್ನಿನ ಬ್ಯಾಟರಿಯಿಂದಲೇ ಚಾರ್ಜು, ದಡ ಹತ್ತಿರವಾದಾಗ ಜನರ ಕಣ್ಣು ಕುಕ್ಕದಂತೆ ಇಳಿಸಿಕೊಳ್ಳುವ ಮಂದ ಬೆಳಕು. ಎಲ್ಲಕ್ಕಿಂತ ಮುಖ್ಯವಾಗಿ, ಕೈ ತಿರುಗಿದ ಕಡೆ ಅದು ತಿರುಗುತ್ತಿತ್ತು. ಎದುರಿಗೆ ಒಮ್ಮೆ, ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಬೀಸಿ ಅಕ್ಕ ಅದನ್ನು ನಂದಿಸಿಬಿಡುತ್ತಿದ್ದಳು. ಮತ್ತೆ ಕಣ್ಣು ಕತ್ತಲಿಗೆ ಒಗ್ಗುವುದಕ್ಕೆ ಬಿಟ್ಟು, ಮತ್ತೆ ಬೀಸುತ್ತಿದ್ದಳು.

ಆಮೇಲೆ ತಮ್ಮ ಪರಿವೀಕ್ಷಕರು ಬಂದರು. ಹಗಲಿನಲ್ಲಿ ಬಂದರು, ರಾತ್ರಿಯ ದೀಪವನ್ನು ಪರೀಕ್ಷಿಸುವುದಕ್ಕೆ. ದೀಪ ಎಲ್ಲಿದೆ ಎಂದು ಕೇಳಿದರು. ಅಕ್ಕ ಕೈಯೆತ್ತಿ ತೋರಿಸಿದಳು.

“ಇದು ಕೈಯಲ್ಲಿದೆಯಲ್ಲಮ್ಮ. ಸ್ಥಳದೀಪ ಅಂದ್ರೆ ಒಂದು ಸ್ಥಳದಲ್ಲಿರೋ ದೀಪ. ಅದಕ್ಕೇ ಆ ಹೆಸರು.”

ಅಕ್ಕ ಗೋಡೆಯ ಮೇಲಿನ ‘ಹಸ್ತಧಾರ್ಯ’ದ ಮೇಲೆ ಬೆರಳಿಟ್ಟಳು. ಪರಿವೀಕ್ಷಕರು ಕನ್ನಡಕ ಏರಿಸಿ ಓದಿ, ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟರು.

“ಹಾಗಂದ್ರೆ ದೀಪಕ್ಕೆ ಹಿಡಿ ಇರಬೇಕು ಅಂತ. ಹಿಡಿ ಇರಲಿ, ನೀವು ಹಿಡೀಬೇಡಿ.”

ಎರಡು ದೋಣಿಗಳ ಮೇಲೆ ಕಾಲಿಡಬಾರದು ಎಂಬ ಗಾದೆಯನ್ನು ಕೇಳಿದ್ದೆ. ಒಂದೇ ದೋಣಿಯಲ್ಲಿ ಅದನ್ನು ಸಾಧಿಸಿದವರನ್ನು ಅಂದೇ ನೋಡಿದ್ದು. ಅಕ್ಕ ವಾದಿಸಲಿಲ್ಲ. ವಾದಿಸಿದ್ದರೆ ಅಂದಿನ ಸಂಜೆಯ ಜನ ಈ ದಡದಲ್ಲೇ ಉಳಿಯುತ್ತಿದ್ದರು. ವೆಲ್ಡಿಂಗ್ ಅಂಗಡಿಯವನು ಒಂದು ಪಟ್ಟಿ ಬಾಗಿಸಿಕೊಟ್ಟ. ದೋಣಿಯ ಮೂತಿಗೆ ದೀಪವನ್ನಿಟ್ಟು ಬೋಲ್ಟು ಬಿಗಿದಾಯಿತು. ಪರಿವೀಕ್ಷಕರು ಅದನ್ನು ಅಲ್ಲಾಡಿಸಿ ನೋಡಿ, ಅಲ್ಲಾಡದೆ ಇದ್ದುದಕ್ಕೆ ಸಂತೋಷಪಟ್ಟರು.

ಈಗ ಹೇಳುವುದರಲ್ಲಿ ತಮಾಷೆ ಕಡಿಮೆ. ನಮ್ಮ ಹೊಳೆಯಲ್ಲಿ ಬಲೆ ಹಾಕುವ ಒಬ್ಬ ಹಿರಿಯನಿದ್ದಾನೆ. ದೋಣಿಯ ಜನರೆಲ್ಲ ಅವನನ್ನು ಬಲೆಮಾವ ಎನ್ನುತ್ತಾರೆ. ಆ ಸಂಜೆ ಅವನು ತೆಪ್ಪದಲ್ಲಿ ಕುಳಿತು ತೆಪ್ಪಗೆ ಬಲೆ ಎಳೆಯುತ್ತಿದ್ದ. ಅವನ ಲಾಂದ್ರ ಆರಿಹೋಗಿತ್ತು. ಅದು ತನ್ನದೇ ತಪ್ಪು ಎಂದು ಅವನೂ ಹೇಳುತ್ತಾನೆ. ನಮ್ಮ ದೋಣಿಯ ಮುಂದೆ ಕುಳಿತಿದ್ದ ವಾರ್ಡಿನ ಹೆಂಗಸಿಗೆ ಎಡಗಡೆಯಿಂದ ಕೆಮ್ಮು ಕೇಳಿಸಿತು. “ಅಕ್ಕಾ, ಆ ಕಡೆ ಯಾರೋ ಇದ್ದಾರೆ” ಎಂದಳು. ದೀಪವೋ ತನ್ನ ಸ್ಥಳದಲ್ಲಿ ಸ್ಥಿರವಾಗಿ ನಿಂತು ಎದುರಿನ ಖಾಲಿ ನೀರನ್ನು ಬೆಳಗುತ್ತಿತ್ತು. ಎಡಕ್ಕೆ ಬೆಳಕು ಬೀಳಬೇಕಾದರೆ ದೋಣಿ ಎಡಕ್ಕೆ ತಿರುಗಬೇಕು. ಅಕ್ಕ ಎಂಜಿನ್ ತಗ್ಗಿಸಿ ತಿರುಗಿಸಿದಳು. ಅವನನ್ನು ನೋಡಬೇಕಾದರೆ ಅವನ ಮೇಲೇ ದೋಣಿ ಬಿಡಬೇಕು ಎಂಬ ವ್ಯವಸ್ಥೆ ಅದು. ನೋಡಿದ್ದೂ ಆಯಿತು, ಗುದ್ದಿದ್ದೂ ಆಯಿತು.

ನಾವೆಲ್ಲ ಸೇರಿ ಅವನನ್ನು ನೀರಿನಿಂದ ಮೇಲಕ್ಕೆಳೆದೆವು. ಭುಜದ ಮೂಳೆ ಮುರಿದಿತ್ತು. ದಡ ಸೇರುವವರೆಗೂ ಅಕ್ಕ “ಮಾವ, ಮಾತಾಡಿ ಮಾವ” ಎನ್ನುತ್ತಲೇ ಇದ್ದಳು. ಅವನು ಕೊನೆಗೆ ಮಾತಾಡಿದ.

“ನೋಡದೆ ಗುದ್ದಿದ್ರೆ ಸರಿ ಅನ್ನಬಹುದಿತ್ತು ಕಣಮ್ಮ. ಬೆಳಕು ಬಿಟ್ಟು, ಮುಖ ನೋಡಿ ಗುದ್ದಿದೆಯಲ್ಲ.”

ಅವಳನ್ನು ಸಮಾಧಾನ ಮಾಡುವುದಕ್ಕೆ ಆಡಿದ ಮಾತು ಅದು. ದೋಣಿಯಲ್ಲಿ ಒಂದಿಬ್ಬರು ನಕ್ಕರು. ಅಕ್ಕ ನಗಲಿಲ್ಲ. ಮರುದಿನ ಬೆಳಗ್ಗೆ ಸ್ಪ್ಯಾನರ್ ತಂದು ಬೋಲ್ಟು ಬಿಚ್ಚಿದಳು.

ತಮ್ಮ ಕಚೇರಿಯ ವಿಚಾರಣೆ ಹೇಳಿದ್ದೇನು? ದೀಪ ನಿಯಮದಂತೆ ಸ್ಥಳದಲ್ಲಿತ್ತು, ಆದ್ದರಿಂದ ತಪ್ಪು ದೋಣಿ ನಡೆಸುವವಳದು. ಅದೇ ವಾರ ಬಂದ ಪರಿವೀಕ್ಷಕರು ಹೇಳಿದ್ದೇನು? ದೀಪ ಸ್ಥಳದಲ್ಲಿಲ್ಲ, ಆದ್ದರಿಂದ ತಪ್ಪು ದೋಣಿ ನಡೆಸುವವಳದು. ಸಂಜೆಯ ಪರವಾನಗಿಯನ್ನು ಕಿತ್ತುಕೊಂಡು ಹೋದರು. ಸ್ವಾಮೀ, ದೀಪ ಇದ್ದರೂ ಅವಳ ತಪ್ಪು, ತೆಗೆದರೂ ಅವಳ ತಪ್ಪು ಎಂದಾದರೆ, ಪರೀಕ್ಷೆ ಮಾಡುತ್ತಿರುವುದು ದೀಪವನ್ನೋ ಅವಳನ್ನೋ?

ತಮ್ಮ ಕಚೇರಿಗೂ ಬಂದೆ. ತಾವು ಸ್ಥಳದಲ್ಲಿರಲಿಲ್ಲ. ಬೋಲ್ಟು ಸಡಿಲವಾಗಿದ್ದಿರಬೇಕು. ಗುಮಾಸ್ತರು ಸಜ್ಜನರು, ಕುರ್ಚಿ ಕೊಟ್ಟು ಕೂರಿಸಿದರು. ‘ಸ್ಪಾಟ್’ ಎಂದರೆ ಸ್ಥಳ, ‘ಲೈಟ್’ ಎಂದರೆ ದೀಪ, ಎರಡನ್ನೂ ಸೇರಿಸಿ ಸಮಿತಿಯವರು ಮಾಡಿದ ಪದವಂತೆ. ಈ ಪದವನ್ನು ಹುಟ್ಟುಹಾಕಿದವರು ಎಂದಾದರೂ ನೀರಿನಲ್ಲಿ ಹುಟ್ಟು ಹಾಕಿದ್ದಾರೆಯೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಬದಲಾಯಿಸಲು ಆಗುವುದಿಲ್ಲವೇ ಎಂದಷ್ಟೇ ಕೇಳಿದೆ. ಅವರು ನಿಜವಾಗಿಯೂ ನೊಂದುಕೊಂಡು ಹೇಳಿದರು: “ಅಕ್ಷರ ತಪ್ಪಿದ್ರೆ ನಾನೇ ತಿದ್ದಿಕೊಡ್ತಿದ್ದೆ ಸಾರ್. ಅರ್ಥ ತಪ್ಪಿದ್ರೆ ಮೇಲಿನವರಿಗೆ ಹೋಗಬೇಕು.”

ಇದು ಆ ಮೇಲಕ್ಕೆ ಬರೆಯುತ್ತಿರುವ ಪತ್ರ.

ಉಳಿದ ದೋಣಿಯವರು ಬದುಕುವ ದಾರಿ ಕಂಡುಕೊಂಡಿದ್ದಾರೆ, ಅದನ್ನೂ ತಿಳಿಸಿಬಿಡುತ್ತೇನೆ. ಹಗಲೆಲ್ಲ ಬೋಲ್ಟು ಬಿಗಿದಿರುತ್ತದೆ, ಪರಿವೀಕ್ಷಕರ ಜೀಪು ಹೋದ ಮೇಲೆ ಬಿಚ್ಚಿಕೊಳ್ಳುತ್ತದೆ. ಅಕ್ಕನಿಗೂ ಇದನ್ನೇ ಹೇಳಿದೆವು. ಅದಕ್ಕೆ ಅವಳು, ಒಂದು ದಿನ ಜೀಪು ಹೋಗುವುದು ತಡವಾಗುತ್ತದೆ, ಜನ ಅವಸರ ಮಾಡುತ್ತಾರೆ, ಬಿಚ್ಚದೇ ಹೊರಡುತ್ತೇವೆ ಎಂದಳು. ಅಷ್ಟು ಹೇಳಿ ದೋಣಿಯ ಹಗ್ಗವನ್ನು ಗೂಟಕ್ಕೆ ಇನ್ನೊಂದು ಸುತ್ತು ಸುತ್ತಿದಳು.

“ಬೋಲ್ಟು ಹಾಕಿದ್ರೆ ನಾಳೆನೇ ಪರ್ಮಿಟ್ ವಾಪಸ್ಸು ಅಂತಾರೆ. ಆ ಬೆಳಕಲ್ಲಿ ಮಾವನ ಮುಖ ಕಂಡಿದೆ ಕಣೋ. ನಾನು ಹೆಂಗೆ ಹಾಕಿಸ್ಲಿ?”

ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ಉತ್ತರ ತಮ್ಮ ಬಳಿ ಇರಬಹುದು. ಈಗ ನಾವು ಸೇತುವೆ ಸುತ್ತಿ ಬರುವ ಬಸ್ಸಿನಲ್ಲಿ ಮನೆಗೆ ಹೋಗುತ್ತೇವೆ. ವಾರ್ಡಿನ ಹೆಂಗಸರು ಮನೆ ಸೇರುವಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ. ಅಕ್ಕ ಸಂಜೆಯ ಹೊತ್ತು ಕಟ್ಟೆಯ ಮೇಲೆ ಕುಳಿತು ಬಸ್ಸಿನ ದಾರಿಯನ್ನು ನೋಡುತ್ತಿರುತ್ತಾಳೆ. ಬಲೆಮಾವನ ಮೂಳೆ ಕೂಡಿಕೊಳ್ಳುತ್ತಿದೆ. ಬಲೆ ಎಳೆಯುವ ಕೈ ಅದೇ ಆಗಿದ್ದುದರಿಂದ ಅವನೂ ಅವಳ ಪಕ್ಕದಲ್ಲಿ ಕುಳಿತಿರುತ್ತಾನೆ.

ಬೇಡಿಕೆ ದೊಡ್ಡದೇನಲ್ಲ. ‘ಹಸ್ತಧಾರ್ಯ ಸ್ಥಳದೀಪ’ ಎಂಬುದನ್ನು ಹೊಡೆದುಹಾಕಿ ‘ಕೈದೀಪ’ ಎಂದು ಬರೆಯಿರಿ. ಅದರ ಕೆಳಗೆ ‘ದೋಣಿಗೆ ಬಿಗಿಯಬಾರದು’ ಎಂದು ಇನ್ನೊಂದು ಸಾಲು ಸೇರಿಸಿ. ಅಕ್ಕನ ಪರವಾನಗಿಯನ್ನು ಹಿಂದಕ್ಕೆ ಕೊಡಿ.

ಅರ್ಥ ಬದಲಾಯಿಸುವ ಮುನ್ನ ಪ್ರತ್ಯಕ್ಷ ಪರಿಶೀಲನೆ ಆಗಬೇಕು ಎನ್ನುವುದಾದರೆ ಅದಕ್ಕೂ ನಾವು ಸಿದ್ಧ. ಕತ್ತಲಾದ ಮೇಲೆ ಬನ್ನಿ. ತೆಪ್ಪ ಖಾಲಿ ಇದೆ. ಅದನ್ನು ಹೊಳೆಯ ನಡುವೆ, ನಮ್ಮ ದಾರಿಗೆ ಸ್ವಲ್ಪ ಎಡಕ್ಕೆ ನಿಲ್ಲಿಸಿಕೊಡುತ್ತೇವೆ, ತಾವು ಅದರಲ್ಲಿ ಕುಳಿತುಕೊಳ್ಳಿ. ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಸದ್ದು ಕೇಳಿಸುತ್ತದೆ. ನಿಯಮಬದ್ಧವಾದ ಬೆಳಕೊಂದು ತಮ್ಮನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಾ ಹತ್ತಿರ ಬರುತ್ತದೆ. ಆ ಹೊತ್ತಿನಲ್ಲಿ, ದೀಪ ದೋಣಿ ನಡೆಸುವವಳ ಕೈಯಲ್ಲಿದ್ದಿದ್ದರೆ ಚೆನ್ನಾಗಿತ್ತು ಎಂದು ತಮಗೆ ಅನ್ನಿಸಿದರೆ, ದಯವಿಟ್ಟು ಒಮ್ಮೆ ಕೆಮ್ಮಿ.

ಇಂತಿ,
ಸುತ್ತುದಾರಿಯ ಬಸ್ಸಿನಲ್ಲಿ ಕೂರಲು ಸ್ಥಳ ಸಿಗದ,
ದೋಣಿಯವಳ ತಮ್ಮ