ನೀನು ನಮ್ಮ ಮನೆಗೆ ಬಂದು ಹೋದ ಮೇಲೆ

ಯರಗುಪ್ಪಿ
೧೬ ಫೆಬ್ರುವರಿ ೨೦೨೫

ಗೆಳತಿ ನೀಲಕ್ಕ,

ಅಣ್ಣಿಗೇರಿಯಲ್ಲಿ ನೀನೂ ಮೊಮ್ಮಕ್ಕಳೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಮೊನ್ನೆಯಿಂದ ನಿನ್ನ ಫೋನು ಎಷ್ಟೋ ಸಲ ಬಂತು, ಎತ್ತಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಎತ್ತಿದ್ದರೆ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಅದಕ್ಕೇ ತಡವಾದರೂ ಬರೆಯುತ್ತಿದ್ದೇನೆ.

ನಮ್ಮವರು ತೀರಿಕೊಂಡದ್ದು ನಿನಗೆ ಗೊತ್ತು. ಹೇಗೆ ಹೋದರು ಅಂತ ಕೇಳು.

ಕಿಡ್ನಿ ಕೆಟ್ಟ ಮೇಲೆ ನಾಲ್ಕು ವರ್ಷ, ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಂಡು ಬದುಕಿದ್ದ ಗಂಡಸು. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದರು. ತಾವು ಮುಟ್ಟುವ ಹಾಗಿರಲಿಲ್ಲ. ದವಾಖಾನೆಯ ಸಿಸ್ಟರ್ ಮೊದಲೇ ಹೇಳಿದ್ದಳು: “ಕೆಮ್ಮು-ನೆಗಡಿ ಇದ್ದವರನ್ನ ಇವರ ಹತ್ರ ಬಿಡಬ್ಯಾಡ್ರಿ ಅಕ್ಕಾರ. ನಮಗ ಎರಡ ದಿನದ ಜ್ವರಾ, ಇವರಿಗೆ ಜೀವಕ್ಕ ಬರ್ತೈತಿ.” ಅವತ್ತಿನಿಂದ ಕೆಮ್ಮುತ್ತ ಬಂದವರನ್ನು ಅಂಗಳದಲ್ಲೇ ಮಾತಾಡಿಸಿ ಕಳಿಸುತ್ತಿದ್ದೆ. ಸ್ವಂತ ತಂಗಿಯನ್ನೂ ಒಳಗೆ ಬಿಡಲಿಲ್ಲ, ಇನ್ನೂ ಸಿಟ್ಟಿನಲ್ಲಿದ್ದಾಳೆ.

ಆಮೇಲೆ ನೀನು ಬಂದೆ. ಸಂಕ್ರಾಂತಿಗೆ ತವರಿಗೆ ಬಂದವಳು, ನಿನ್ನ ಗಂಡ ಅಂದಾನೆಪ್ಪನನ್ನು ಮಾತಾಡಿಸಿ ಹೋಗುತ್ತೇನೆ ಅಂತ ನಮ್ಮ ಕೇರಿಗೆ ಬಂದೆ, ಸೆರಗು ಬಾಯಿಗೆ ಹಿಡಿದು ಕೆಮ್ಮುತ್ತ. ನಾನು ಬಾಗಿಲಿಗೆ ಅಡ್ಡ ನಿಂತೆ. ಇವರು ಒಳಗಿನಿಂದ, “ಏ, ಸರಿಯಬೇ! ಮ್ಯಾಲಿನ ಓಣಿಯವರು ಈ ಹೊಸ್ತಲಾ ದಾಟಿದ್ದು ನಮ್ಮಪ್ಪ ನೋಡಲಿಲ್ಲ, ನಾನರ ನೋಡ್ತೀನಿ. ನಮ್ಮನ್ನ ಹೊರಗ ನಿಂದರಿಸಿದರಂತ ನಾವೂ ನಿಂದರಸೂಣೇನು?” ಅಂದರು.

ನಿಮ್ಮ ಕಟ್ಟೆಯ ಕೆಳಗೆ ನಿಂತು, ನಿಮ್ಮವ್ವ ಮೇಲಿನಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿದವಳು ನಾನು. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಸರಿದೆ. ನೀನು ಮಂಚದ ಬಾಜು ಕೂತು ಚಹಾ ಕುಡಿದೆ. ನೀನು ಹೋದ ಮೇಲೆ ಇವರ ಖುಷಿ ನೋಡಬೇಕಿತ್ತು. “ನಮ್ಮ ಕಪ್ಪಿನ್ಯಾಗ ಚಾ ಕುಡದ್ಲಲ್ಲಬೇ!” ಅಂತ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಮೂರೇ ದಿನಕ್ಕೆ ಜ್ವರ, ದಮ್ಮು. ಸೋಂಕು ಉಳಿದವರಿಗೆ ಹತ್ತಬಾರದು ಅಂತ ದವಾಖಾನೆಯಲ್ಲಿ ಮೂಲೆಯ ಬೇರೆ ಕೋಣೆಯಲ್ಲಿ ಮಲಗಿಸಿ ಡಯಾಲಿಸಿಸ್ ಮಾಡಿದರು. “ಇಲ್ಲೂ ನನ್ನ ಹೊರಗ ಹಾಕಿದರ ನೋಡು,” ಅಂತ ನಕ್ಕರು. ಆಮೇಲೆ ಹುಬ್ಬಳ್ಳಿ, ಆಕ್ಸಿಜನ್. ಅಲ್ಲಿ ನಗಲಿಕ್ಕೆ ಉಸಿರು ಸಾಲಲಿಲ್ಲ. ವಾರದೊಳಗೆ ಮುಗಿಯಿತು.

ನಿನ್ನಿಂದಲೇ ಹತ್ತಿತು ಅಂತ ನಾನು ಅನ್ನುವುದಿಲ್ಲ. ಬಸ್ಸಿನಲ್ಲೂ ಹತ್ತಿರಬಹುದು, ಡಾಕ್ಟರೂ ಹಾಗೇ ಅಂದರು. ಹತ್ತಿದ್ದರೂ ಹತ್ತಲಿ, ಕೊನೆಗೊಮ್ಮೆ ನನ್ನ ಗೆಳತಿ ಒಳಗೆ ಬಂದು ಕೂತಳಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆ, ಮೊನ್ನೆಯವರೆಗೆ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ಅವರಿಗೆ ಯಾರ ಕೆಮ್ಮೂ ತಾಗದಿರಲಿ.

ನಿನ್ನ
ರೇಣುಕವ್ವ

ತಾ.ಕ.: ಮೊನ್ನೆ ಹಿಟ್ಟಿನ ಗಿರಣಿಯಲ್ಲಿ ನಿನ್ನ ಅಣ್ಣನ ಸೊಸೆ ನಂದಾ ಸಿಕ್ಕಿದ್ದಳು. ಪಾಪ, ಮರುಗುತ್ತ ಬಾಯಿತಪ್ಪಿ ಅಂದಳು: “ನೀಲತ್ತಿನೂ ಭಾಳ ತ್ರಾಸ ತಗೊಂಡ್ರು. ಅವತ್ತ ನಿಮ್ಮ ಮನಿಯಿಂದ ಬಂದವರು ಜ್ವರದಾಗೂ ಹಿತ್ತಲದಾಗ ತಲಿಮ್ಯಾಲೆ ನೀರ ಹಾಕ್ಕೊಂಡ ಒಳಗ ಬಂದ್ರು.” ಕೆಮ್ಮು ತಂದವಳು ನೀನು. ನಮ್ಮ ಮನೆಯಿಂದ ನಿನಗೆ ಏನು ಹತ್ತಿತ್ತು ಅಂತ ತೊಳೆದುಕೊಂಡೆ, ನೀಲಕ್ಕ? ಇವರು ಇದನ್ನು ಕೇಳದೇ ಹೋದರು, ಅಷ್ಟೇ ಪುಣ್ಯ.