ಸುಮಂಗಲಾ ತಪ್ಪಾಯಿತು ಅನ್ನುವುದಿಲ್ಲ

ತಿಕೋಟಾ
ತಾ. ೯-೨-೨೦೨೫, ರವಿವಾರ

ಮಗನೇ ಭೀಮಾಶಂಕರ, ನೂರು ವರ್ಷ ಬಾಳು.

ಸೂರತ್ತಿನ ನೀರು ಹೊಟ್ಟೆಗೆ ಒಗ್ಗಿತೋ ಇಲ್ಲವೋ? ಎದೆ ಉರಿಯುತ್ತದಂತೆ, ಮಜ್ಜಿಗೆ ಕುಡಿ. ನನ್ನ ಮೊಣಕಾಲು ನಿನ್ನ ಹೆಂಡತಿ ಮಹಾನಂದಾಳ ಹಾಗೆ, ಒಂದು ದಿನ ಸುಮ್ಮನಿದ್ದರೆ ಎರಡು ದಿನ ಗೊಣಗುತ್ತದೆ. ಮಹಾನಂದಾ ಆಗಲೇ ನಿನ್ನ ಕಿವಿ ತುಂಬಿದ್ದಾಳೆ, ಗೊತ್ತು. ಫೋನಿನಲ್ಲಿ ನಾನು ಬಾಯಿ ತೆರೆದರೆ "ಯವ್ವಾ, ನೀ ಸುಮ್ನಿರು" ಅನ್ನುತ್ತೀ. ಕಾಗದಕ್ಕೆ ಹಾಗನ್ನಲು ಬರುವುದಿಲ್ಲ. ಅದಕ್ಕೇ ಎರಡನೇ ಇಯತ್ತೆಯಲ್ಲಿ ಕಲಿತ ಅಕ್ಷರ ಹೊರಗೆ ತೆಗೆದಿದ್ದೇನೆ.

ಗುರುವಾರ ಬಬಲೇಶ್ವರದವರು ನಿನ್ನ ಮಗಳು ಸುಮಂಗಲಾಳನ್ನು ನೋಡಲು ಬಂದರು. ವರ ಸಂಗು, ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಟ್ಯೂಷನ್ ಹೇಳುವ ಗಣಿತದ ಮಾಸ್ತರ. ಅವನ ತಾಯಿ ನೀಲಾಬಾಯಿ ಅವಲಕ್ಕಿ ತಿಂದು, ಹುಡುಗಿಯನ್ನು ನಡೆಸಿ ನೋಡಿ, ಪದ್ಧತಿಯಂತೆ "ಹೆಸರು ಬರಿಯವಾ" ಎಂದು ಕಾಗದ ಚಾಚಿದಳು. ಬಿ.ಎಸ್ಸಿ. ಕೊನೆಯ ವರ್ಷದವಳಿಗೆ! ವರನಿಗೇ ನಾಚಿಕೆಯಾಗಿ, "ಹೆಸರು ಬ್ಯಾಡವ್ವಾ, ನಾ ಒಂದ್ ಲೆಕ್ಕ ಕೊಡ್ತೀನಿ" ಅಂದ.

ಎಕ್ಸಿನ ವರ್ಗ, ಎಕ್ಸ್-ವೈ ಗುಣಿಸಿದ್ದು, ವೈನ ವರ್ಗ, ಮೂರೂ ಕೂಡಿದರೆ ಏಳು. ಅದೊಂದು ಬಾಗಿದ ಗೆರೆಯಂತೆ. ಎಕ್ಸ್ ಒಂದು, ವೈ ಎರಡು ಇರುವಲ್ಲಿ ಅದರ ಇಳಿಜಾರು ಎಷ್ಟು? ಇಂಥ ಲೆಕ್ಕವನ್ನು ಸುಮಂಗಲಾ ಹಿಂದೊಮ್ಮೆ ರೊಟ್ಟಿ ಬಡಿಯುವಾಗ ನನಗೆ ಬಿಡಿಸಿ ಹೇಳಿದ್ದಳು. ಇದರಲ್ಲಿ ವೈಯನ್ನು ಬೇರೆ ಮನೆ ಹೂಡಿಸುವ ಗೋಜಿಲ್ಲ, ಕೂಡಿದ ಮನೆಯಲ್ಲೇ ನಡೆಸಬೇಕು. ವೈ ಕದಲಿದಲ್ಲೆಲ್ಲ ಅದಕ್ಕೆ ಡೀವೈ-ಡೀಎಕ್ಸ್ ಎಂಬ ಬಾಲ ಕಟ್ಟಬೇಕು. ಬಾಲದವನ್ನೆಲ್ಲ ಒಂದು ಕಡೆ ಕೂಡಿಸಿ ಭಾಗಿಸಿದರೆ ಇಳಿಜಾರು ಸಿಗುತ್ತದೆ. ಎಕ್ಸ್-ವೈ ಜೋಡಿ ಮಾತ್ರ ಗಂಡ ಹೆಂಡತಿ ಇದ್ದಂತೆ. ಗಂಡ ಕದಲುವಾಗ ಹೆಂಡತಿ ಸುಮ್ಮನೆ ಕೂತಿರಬೇಕು. ಆಮೇಲೆ ಹೆಂಡತಿ ಕದಲುವಾಗ ಗಂಡ ಸುಮ್ಮನೆ ಕೂತಿರಬೇಕು. ಎರಡೂ ಪಾಳಿ ಕೂಡಿಸಬೇಕು. ನಿಮ್ಮಪ್ಪನಿಗೆ ಇದು ಸಾಯುವ ತನಕ ತಿಳಿಯಲಿಲ್ಲ.

ಸುಮಂಗಲಾ ಮೈನಸ್ ಐದರಲ್ಲಿ ನಾಲ್ಕು ಪಾಲು ಎಂದು ಬರೆದಳು. ಮಾಸ್ತರ "ತಪ್ಪು, ಮೈನಸ್ ಒಂದು" ಎಂದು ತಾನೇ ಮಾಡಿ ತೋರಿಸಿದ. ಅವಳು ಕಾಗದ ತಿರುಗಿಸಿ, "ಇಲ್ಲಿ ಎಕ್ಸಿನ ಪಾಳಿ ಅಷ್ಟ ಬರದೀರಿ. ವೈ ಪಾಳಿ ಎಲ್ಲೈತ್ರಿ?" ಅಂದಳು. ಅವನ ಮುಖ ಕೆಂಪು ಮೆಣಸಿನಕಾಯಿ. ನಾನು ಸುಮ್ಮನಿರಬೇಕಿತ್ತು, "ಹೆಂಡ್ತಿ ಪಾಳಿ ನುಂಗಾವಗ ಹೆಂಡ್ತಿ ಯಾಕ ಬೇಕೋ ಯಪ್ಪಾ?" ಅಂದುಬಿಟ್ಟೆ. ನೀಲಾಬಾಯಿ "ಹುಡುಗಿಗೆ ಬಾಯಿ ಭಾಳ, ಮುದುಕಿಗೆ ಅದಕ್ಕಿಂತ ಭಾಳ" ಎಂದು ಚಹಾ ಮುಟ್ಟದೆ ಎದ್ದಳು.

ಈಗ ನೀನು, ಸುಮಂಗಲಾ ಬಬಲೇಶ್ವರಕ್ಕೆ ಹೋಗಿ ತಪ್ಪಾಯಿತು ಅನ್ನಲಿ, ಇಲ್ಲದಿದ್ದರೆ ಕಾಲೇಜು ಬಂದ್ ಅಂದಿದ್ದೀಯಂತೆ. ಸರಿಯಾದ ಲೆಕ್ಕಕ್ಕೆ ತಪ್ಪಾಯಿತು ಅಂದರೆ, ನಾಳೆ ಅವಳು ಪರೀಕ್ಷೆಯಲ್ಲಿ ಏನು ಬರೆಯಬೇಕು? ಹೋಗಬೇಕಾದರೆ ನಾನು ಹೋಗುತ್ತೇನೆ, ನನ್ನ ಬಾಯಿಯ ಲೆಕ್ಕಕ್ಕೆ. ಅವಳನ್ನು ಕಳಿಸುವುದಿಲ್ಲ.

ಕೈ ಸೋತಿತು. ನಿನ್ನ ತಲೆಯ ಮೇಲೆ ನನ್ನ ಕೈ ಸದಾ ಇರುತ್ತದೆ, ಹರಸಲಿಕ್ಕೂ ಹೊಡೆಯಲಿಕ್ಕೂ.

ನಿನ್ನ ತಾಯಿ
ದುಂಡವ್ವ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಸಂಗು ಒಬ್ಬನೇ ಗಾಡಿ ಮೇಲೆ ಬಂದ. "ಆಯಿ, ತಪ್ಪು ನಂದರಿ. ಅವ್ವಗೂ ಹೇಳೀನಿ" ಅಂದ. ಸುಮಂಗಲಾ ಒಳಗಿನಿಂದಲೇ "ಮತ್ತ ಮಾಡಿದ್ರ ಎಷ್ಟ್ ಬಂತು ಕೇಳ ಆಯಿ" ಅಂದಳು. ಸರಿಯಾಗಿ ಹೇಳಿದ, ಅವಳೇ ಚಹಾ ತಂದಳು. ಅವಳ ಎಂ.ಎಸ್ಸಿ. ಮುಗಿದ ಮೇಲೆ ಲಗ್ನ ಎಂದು ಇಬ್ಬರೂ ಒಪ್ಪಿದರು. ನಿನ್ನ ಹೆಸರಿನಲ್ಲಿ ನಾನೇ ಹೂಂ ಅಂದಿದ್ದೇನೆ. ಬಯ್ಯುವುದಿದ್ದರೆ ರಜೆ ಹಾಕಿ ಬಂದು ಬಯ್ಯಿ.